ಹರ್ಪಿಸ್ ವೈರಸ್ಸಿಗೆ ಬೇಕಾದ ರಿಸೆಪ್ಟರನ್ನು ನಮ್ಮ ಜೀವಕೋಶ ಯಾಕೆ ಇಟ್ಟುಕೊಂಡಿದೆ?

ನೀವು ಕೇಳಿರುವುದು ಇಷ್ಟು: ಜ್ವರ ಬಂದಾಗಲೆಲ್ಲ ತುಟಿಯ ಒಂದೇ ಜಾಗದಲ್ಲಿ ಗುಳ್ಳೆ ಏಳುತ್ತದೆ, ಡಾಕ್ಟರು ಹರ್ಪಿಸ್ ಅಂದರು. ಆ ವೈರಸ್ಸು ಜೀವಕೋಶದ ಮೇಲಿನ ರಿಸೆಪ್ಟರ್ ಹಿಡಿದು ಒಳಗೆ ಹೋಗುತ್ತದೆ ಎಂದು ಓದಿದಿರಿ. ಹಾಗಾದರೆ ಶತ್ರುವಿಗೆ ಬೇಕಾದ ರಿಸೆಪ್ಟರನ್ನು ಜೀವಕೋಶ ಇಟ್ಟುಕೊಂಡಿರುವುದಾದರೂ ಯಾಕೆ? ತೆಗೆದುಹಾಕಿದರೆ ಅಥವಾ ಮುಚ್ಚಿಬಿಟ್ಟರೆ ಆಗದೇ?

ನಾನು ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಮೈಕ್ರೊಬಯಾಲಜಿ ಪಾಠ ಮಾಡುತ್ತೇನೆ. ವೈದ್ಯೆ ಅಲ್ಲ. ವೈರಸ್ಸು ಹೇಗೆ ಒಳಗೆ ಹೋಗುತ್ತದೆ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ, ಆದರೆ ಜೀವಕೋಶ ಯಾಕೆ ಬಿಟ್ಟುಕೊಳ್ಳುತ್ತದೆ ಎಂದು ಕೇಳುವವರು ಅಪರೂಪ. ತಿರುಳು ಇರುವುದು ಆ ಪ್ರಶ್ನೆಯಲ್ಲೇ. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಒಂದು ಮಾತು. ಹರ್ಪಿಸ್ ಎಂದ ಕೂಡಲೇ ನಾಚಿಕೆ ಪಡುವವರನ್ನು ತುಂಬ ನೋಡಿದ್ದೇನೆ. ತುಟಿಯ ಗುಳ್ಳೆಗೆ ಹೆಚ್ಚಾಗಿ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಒಂದನೇ ಬಗೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಅಂದಾಜಿನಂತೆ 50 ವರ್ಷದೊಳಗಿನ ಸುಮಾರು 370 ಕೋಟಿ ಜನರಲ್ಲಿ, ಅಂದರೆ ಆ ವಯಸ್ಸಿನವರಲ್ಲಿ ಶೇ. 67 ಮಂದಿಯಲ್ಲಿ ಇದು ಇದೆ. ಬಹಳ ಜನರಿಗೆ ಚಿಕ್ಕಂದಿನಲ್ಲೇ, ಮನೆಯವರು ಮುದ್ದು ಮಾಡುವಾಗ ಬಂದಿರುತ್ತದೆ. ನಮ್ಮ ಮಲೆನಾಡಿನಲ್ಲಿ ವೈರಸ್ ಅಂದರೆ ಥಟ್ಟನೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡದ್ದು, ಉಣುಗು ಕಚ್ಚಿ ಬರುವಂಥದ್ದು. ಹರ್ಪಿಸ್ ಹಾಗಲ್ಲ. ಇದಕ್ಕೆ ಕಾಡೂ ಬೇಡ, ಉಣುಗೂ ಬೇಡ. ಮನುಷ್ಯರಿಂದ ಮನುಷ್ಯರಿಗೆ ನೇರವಾಗಿ ದಾಟುತ್ತದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನನ್ನ ತುಟಿ ಹೀಗಾದಾಗ ಅಜ್ಜಿ, "ಎಂತದೂ ಇಲ್ಲ ಮಗಾ, ರಾತ್ರಿ ಜೇಡ ಹರಿದಿರಬೇಕು" ಅಂದು ಕೊಬ್ಬರಿ ಎಣ್ಣೆ ಸವರುತ್ತಿದ್ದರು. ಆ ಜೇಡನ ಮೇಲೆ ಎಷ್ಟೋ ವರ್ಷ ನನಗೆ ಸಿಟ್ಟಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ರಿಸೆಪ್ಟರಿಗೆ ಪಠ್ಯಪುಸ್ತಕಗಳು 'ಗ್ರಾಹಕ' ಎನ್ನುತ್ತವೆ. ಆ ಪದ ಕೇಳಿದರೆ ಅಂಗಡಿಗೆ ಬರುವವರೇ ಕಣ್ಣ ಮುಂದೆ ಬರುವುದರಿಂದ ನಾನು ರಿಸೆಪ್ಟರ್ ಎಂದೇ ಬರೆಯುತ್ತೇನೆ. ಪುಸ್ತಕಗಳಲ್ಲಿ ಬೀಗ ಮತ್ತು ಕೀಲಿಯ ಚಿತ್ರವೂ ಇರುತ್ತದೆ: ರಿಸೆಪ್ಟರ್ ಬೀಗ, ವೈರಸ್ಸಿನ ಪ್ರೋಟೀನು ಕೀಲಿ, ತಿರುಗಿಸಿದರೆ ಬಾಗಿಲು ತೆರೆಯಿತು. ನಿಮ್ಮ ಗೊಂದಲಕ್ಕೆ ಅರ್ಧ ಕಾರಣ ಈ ಚಿತ್ರವೇ ಎಂದು ನನಗನ್ನಿಸುತ್ತದೆ. ಯಾಕೆಂದರೆ ಬೀಗವನ್ನು ಮಾಡುವುದೇ ಯಾರನ್ನೋ ಒಳಗೆ ಬಿಡಲಿಕ್ಕೆ. ಜೀವಕೋಶದ ರಿಸೆಪ್ಟರನ್ನು ಯಾರೂ ವೈರಸ್ಸಿಗಾಗಿ ಮಾಡಿದ್ದಲ್ಲ, ಅಲ್ಲಿ ಬಾಗಿಲೂ ಇಲ್ಲ. ನನಗೆ ಹೊಂದುವುದು ನಮ್ಮ ಅಡಿಕೆ ತೋಟದ ದಣಪೆ. ಎರಡು ಕಂಬ, ಅವುಗಳ ತೂತಿನಲ್ಲಿ ಅಡ್ಡಡ್ಡ ಸೇರಿಸಿದ ಗಳಗಳು. ಒಂದೊಂದಾಗಿ ಸರಿಸಬೇಕು, ಸುಮ್ಮನೆ ದೂಕಿದರೆ ಜಗ್ಗುವುದಿಲ್ಲ. ಹರ್ಪಿಸ್ ಒಳಗೆ ಹೋಗುವುದೂ ಹೀಗೆ ಹಂತ ಹಂತವಾಗಿ.

ಮೊದಲ ಹಂತ ಬರೀ ಅಂಟಿಕೊಳ್ಳುವುದು. ಹರ್ಪಿಸ್ ಕಣ ಸುಮಾರು 200 ನ್ಯಾನೋಮೀಟರ್ ಅಗಲ, ಒಂದು ಮಿಲಿಮೀಟರಿನಲ್ಲಿ 5,000 ಕಣಗಳನ್ನು ಸಾಲಾಗಿ ಇಡಬಹುದು. ಹೊರಗೆ ಕೊಬ್ಬಿನ ಪೊರೆ, ಅದರ ತುಂಬ ಮುಳ್ಳಿನಂತೆ ಎದ್ದ ಹತ್ತಾರು ಬಗೆಯ ಗ್ಲೈಕೋಪ್ರೋಟೀನುಗಳು, ಅಂದರೆ ಸಕ್ಕರೆ ಅಂಟಿದ ಪ್ರೋಟೀನುಗಳು. ನಮ್ಮ ಜೀವಕೋಶದ ಮೇಲೂ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆಯ ಸರಪಳಿಗಳು ಕೂದಲಿನಂತೆ ಜೋತಿರುತ್ತವೆ. ಅವುಗಳಿಗೆ ಋಣ ವಿದ್ಯುದಂಶ. ವೈರಸ್ಸಿನ ಜಿಸಿ ಮತ್ತು ಜಿಬಿ ಎಂಬ ಪ್ರೋಟೀನುಗಳ ಕೆಲವು ಭಾಗಗಳಲ್ಲಿ ಧನ ವಿದ್ಯುದಂಶ ಇರುವುದರಿಂದ ಅವು ಆ ಸರಪಳಿಗೆ ಕಚ್ಚಿಕೊಳ್ಳುತ್ತವೆ. ಸೊಪ್ಪಿನ ಬೆಟ್ಟಕ್ಕೆ ಹೋಗಿ ಬಂದರೆ ಸೀರೆಯ ಅಂಚಿಗೆಲ್ಲ ಉತ್ತರಾಣಿ ಮೆತ್ತಿಕೊಂಡಿರುತ್ತದಲ್ಲ, ಹಾಗೆ. ಉತ್ತರಾಣಿಗೆ ನಿಮ್ಮ ಸೀರೆಯೇ ಆಗಬೇಕೆಂದಿಲ್ಲ, ದನದ ಮೈಯಾದರೂ ಆದೀತು. ಹೆಪರಾನ್ ಸಲ್ಫೇಟ್ ಕೂಡ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲೂ ಇದೆ.

ಇದನ್ನು 1989ರಲ್ಲಿ ಅಮೆರಿಕದ ವೈರಸ್ ವಿಜ್ಞಾನಿ ಪ್ಯಾಟ್ರಿಷಿಯಾ ಸ್ಪಿಯರ್ ಮತ್ತವರ ಸಹೋದ್ಯೋಗಿ ತೋರಿಸಿದರು. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪರಿನ್ ಇದೇ ಸರಪಳಿಯ ಹತ್ತಿರದ ನೆಂಟ. ಪ್ರಯೋಗಾಲಯದ ತಟ್ಟೆಯಲ್ಲಿ ಹೆಪರಿನ್ ಬೆರೆಸಿದರೆ ವೈರಸ್ಸು ಅದನ್ನೇ ಹಿಡಿದುಕೊಂಡು ಜೀವಕೋಶಕ್ಕೆ ಅಂಟುವುದೇ ಕಡಿಮೆಯಾಗುತ್ತದೆ.

ಆದರೆ ಅಂಟಿದ ಮಾತ್ರಕ್ಕೆ ಒಳಗೆ ಹೋದಂತಲ್ಲ. ಇದನ್ನು ನಾನು ಕೈಯಾರೆ ಮಾಡಿ ನೋಡಿದ್ದೇನೆ. ಎಂಎಸ್ಸಿ ಮುಗಿಸಿ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಎರಡು ವರ್ಷ ಇದ್ದೆ. ಅಲ್ಲಿ ಕಲಿತ ಮೊದಲ ಪ್ರಯೋಗ ಇದು. ತಟ್ಟೆಯ ತಳದಲ್ಲಿ ಬೆಳೆದ ಜೀವಕೋಶಗಳ ಮೇಲೆ ವೈರಸ್ಸು ಹಾಕಿ ಒಂದು ಗಂಟೆ 4 ಡಿಗ್ರಿಯಲ್ಲಿ ಇಡುವುದು. ಆ ಚಳಿಯಲ್ಲಿ ವೈರಸ್ಸು ಅಂಟುತ್ತದೆ, ಒಳಗೆ ಹೋಗುವುದಿಲ್ಲ. ಆಮೇಲೆ ತಟ್ಟೆಯನ್ನು 37 ಡಿಗ್ರಿಗೆ ಏರಿಸಿದರೆ ನಿಮಿಷಗಳಲ್ಲೇ ಒಳನುಗ್ಗಲು ಶುರು. ಬೇರೆ ಬೇರೆ ನಿಮಿಷಕ್ಕೆ ಒಂದೊಂದು ತಟ್ಟೆಯನ್ನು ಹುಳಿ ದ್ರಾವಣದಿಂದ ತೊಳೆಯುತ್ತಿದ್ದೆವು. ಇನ್ನೂ ಹೊರಗೇ ಇದ್ದ ವೈರಸ್ಸು ಆ ಹುಳಿಗೆ ಸಾಯುತ್ತದೆ, ಒಳಗೆ ಹೋದದ್ದು ಉಳಿಯುತ್ತದೆ. ಎರಡು ಮೂರು ದಿನ ಬಿಟ್ಟು ಜೀವಕೋಶಗಳು ಸತ್ತು ಪದರದಲ್ಲಿ ಆದ ತೂತುಗಳನ್ನು ಎಣಿಸಿದರೆ ಯಾವ ನಿಮಿಷಕ್ಕೆ ಎಷ್ಟು ಒಳಗೆ ಹೋಗಿತ್ತು ಎಂದು ತಿಳಿಯುತ್ತಿತ್ತು. ಹಿಡಿಯುವುದು ಬೇರೆ, ದಾಟುವುದು ಬೇರೆ ಎಂಬುದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಆ ತಟ್ಟೆಗಳಿಂದ ಮನಸ್ಸಿಗೆ ಇಳಿಯಿತು.

ಎರಡನೆಯ ಹಂತದಲ್ಲಿ ನಿಮ್ಮ ಪ್ರಶ್ನೆಯ ರಿಸೆಪ್ಟರ್ ಬರುತ್ತದೆ. ವೈರಸ್ಸಿನ ಜಿಡಿ ಎಂಬ ಪ್ರೋಟೀನು ಜೀವಕೋಶದ ಮೇಲೆ ಕೆಲವೇ ಕೆಲವನ್ನು ಗುರುತಿಸುತ್ತದೆ. ಅವು ಯಾವುವು ಎಂದು ಕಂಡುಹಿಡಿದ ಬಗೆ ನನಗೆ ಬಹಳ ಇಷ್ಟ, ತರಗತಿಯಲ್ಲಿ ಬಿಡದೆ ಹೇಳುತ್ತೇನೆ. ಚೀನಾ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದಿಂದ ತೆಗೆದು ಬೆಳೆಸಿದ ಜೀವಕೋಶಗಳಿಗೆ ಹರ್ಪಿಸ್ ಅಂಟುತ್ತದೆ, ಒಳಗೆ ಹೋಗಲಾಗುವುದಿಲ್ಲ. ಸ್ಪಿಯರ್ ಅವರ ತಂಡ ಮನುಷ್ಯರ ಜೀನುಗಳನ್ನು ಗುಂಪು ಗುಂಪಾಗಿ ಆ ಜೀವಕೋಶಗಳಿಗೆ ಸೇರಿಸಿತು. ವೈರಸ್ಸಿಗೂ ಒಂದು ಗುರುತಿನ ಜೀನು ಕಟ್ಟಿದ್ದರು, ಅದು ಒಳಹೊಕ್ಕ ಜೀವಕೋಶ ಬಣ್ಣ ಹಾಕಿದಾಗ ನೀಲಿಯಾಗುತ್ತದೆ. ಯಾವ ಗುಂಪಿನಲ್ಲಿ ನೀಲಿ ಕಂಡಿತೋ ಅದನ್ನು ಒಡೆದು, ಮತ್ತೆ ಒಡೆದು, ಕೊನೆಗೆ ಒಂದೇ ಜೀನಿಗೆ ಬಂದು ನಿಂತರು. 1996ರಲ್ಲಿ ಹೀಗೆ ಸಿಕ್ಕಿದ್ದು ಎಚ್‌ವಿಇಎಂ. 1998ರಲ್ಲಿ ಇನ್ನೊಂದು ಸಿಕ್ಕಿತು, ಈಗ ನೆಕ್ಟಿನ್-1 ಎನ್ನುವುದು. 1999ರಲ್ಲಿ ಮೂರನೆಯದು: ಮೊದಲು ಹೇಳಿದ ಹೆಪರಾನ್ ಸಲ್ಫೇಟೇ, ಆದರೆ ಒಂದು ನಿರ್ದಿಷ್ಟ ಜಾಗದಲ್ಲಿ ಇನ್ನೊಂದು ಸಲ್ಫೇಟ್ ಸೇರಿಸಿಕೊಂಡ ರೂಪ.

ಎಚ್‌ವಿಇಎಂ ಎಂಬ ಹೆಸರಿನ ಅರ್ಥವೇ ಹರ್ಪಿಸ್ ಪ್ರವೇಶಕ್ಕೆ ನೆರವಾಗುವುದು ಎಂದು. ಈ ಹೆಸರು ಕೇಳಿದಾಗಲೆಲ್ಲ ನನಗೆ ಮನಸ್ಸಿಗೆ ಹಿತವಾಗುವುದಿಲ್ಲ. ಕಳ್ಳ ನುಗ್ಗಿದ ಮನೆಯನ್ನು ಕಳ್ಳನ ಹೆಸರಿನಿಂದಲೇ ಕರೆದ ಹಾಗಾಯಿತು. ಅದರ ನಿಜವಾದ ಕೆಲಸ ರೋಗನಿರೋಧಕ ಜೀವಕೋಶಗಳಿಗೆ ಏಳು, ಕೂರು ಎಂದು ಸೂಚನೆ ಮುಟ್ಟಿಸುವುದು. ನೆಕ್ಟಿನ್-1 ಕೆಲಸ ಇನ್ನೂ ಹತ್ತಿರದ್ದು. ಅಕ್ಕಪಕ್ಕದ ಎರಡು ಜೀವಕೋಶಗಳು ಒಂದನ್ನೊಂದು ಹಿಡಿದು ನಿಲ್ಲುವ ಕೈ ಅದು. ಈ ಕಡೆಯ ನೆಕ್ಟಿನ್ ಆ ಕಡೆಯ ನೆಕ್ಟಿನ್ನನ್ನು ಹಿಡಿದುಕೊಳ್ಳುತ್ತದೆ. ನಮ್ಮ ಚರ್ಮ, ಬಾಯಿಯ ಒಳಪದರ ಒಂದೇ ಹಾಳೆಯಂತೆ ಬಿಗಿಯಾಗಿ ಇರುವುದರಲ್ಲಿ ಅದರ ಪಾಲಿದೆ. ನರಕೋಶಗಳು ಒಂದಕ್ಕೊಂದು ಸೇರುವ ಕಡೆಯೂ ಅದು ಇದೆ. ವೈರಸ್ಸಿನ ಜಿಡಿ ಹೋಗಿ ಹಿಡಿಯುವುದು ನೆರೆಯ ಜೀವಕೋಶ ಹಿಡಿಯಬೇಕಾಗಿದ್ದ ಆ ಕೈಯನ್ನೇ.

ತೆಗೆದುಹಾಕಿದರೆ ಆಗದೇ ಎಂಬುದಕ್ಕೆ ಉತ್ತರ ಇಲ್ಲೇ ಇದೆ. ನೆಕ್ಟಿನ್-1 ಸರಿಯಾಗಿಲ್ಲದೆ ಹುಟ್ಟುವ ಮನುಷ್ಯರು ಇದ್ದಾರೆ. ವೆನೆಜುವೆಲಾದ ಮಾರ್ಗರಿಟಾ ದ್ವೀಪದಲ್ಲಿ ಅಂಥ ಕುಟುಂಬಗಳನ್ನು ಅಧ್ಯಯನ ಮಾಡಿ 2000ದಲ್ಲಿ ಕಾರಣದ ಜೀನನ್ನು ಗುರುತಿಸಿದರು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಪಡೆದ ಮಕ್ಕಳಿಗೆ ಸೀಳು ತುಟಿ, ಸೀಳು ಅಂಗುಳ, ವಿರಳ ಕೂದಲು, ಕೆಲವರಿಗೆ ಬೆರಳುಗಳು ಕೂಡಿಕೊಂಡಿರುವುದು. ಗರ್ಭದಲ್ಲಿ ಮುಖ ಮೂಡುವಾಗ ಎರಡು ಕಡೆಯ ಅಂಚುಗಳು ಬಂದು ಸೇರಬೇಕು, ಸೇರಿಸುವ ಕೈಗಳಲ್ಲಿ ಒಂದು ಇಲ್ಲ. ನೀವು ಕೇಳಿದ್ದು ತುಟಿಯ ಗುಳ್ಳೆಯ ಬಗ್ಗೆ. ಗುಳ್ಳೆ ಎಬ್ಬಿಸುವ ವೈರಸ್ಸು ಹಿಡಿಯುವ ಆ ಪ್ರೋಟೀನು ನಿಮ್ಮ ತುಟಿ ತುಟಿಯಾಗಿ ಕೂಡಿಕೊಂಡದ್ದರಲ್ಲೂ ಇತ್ತು. ಜೀವಕೋಶ ಅದನ್ನು ಬಿಡುವುದಾದರೂ ಹೇಗೆ? ವೈರಸ್ಸೂ ನಾವು ಬಿಡಲಾಗದಂಥದ್ದನ್ನೇ ಹಿಡಿದಿದೆ. ನಾವು ಸುಲಭವಾಗಿ ಬಿಡಬಹುದಾದದ್ದನ್ನು ನೆಚ್ಚಿಕೊಂಡಿದ್ದರೆ ಅದು ಇಷ್ಟು ಕಾಲ ನಮ್ಮ ಜೊತೆ ಉಳಿಯುತ್ತಿರಲಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ನೆಕ್ಟಿನ್ ಇರುವುದು ಜೀವಕೋಶಗಳ ನಡುವಿನ ಸಂದಿಯಲ್ಲಿ. ಗಟ್ಟಿ ಚರ್ಮದ ಮೇಲ್ಪದರದಲ್ಲಿ ಸತ್ತ ಜೀವಕೋಶಗಳೇ ಇರುವುದರಿಂದ ವೈರಸ್ಸಿಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ತುಟಿ ಬಾಯಿಗಳ ತೆಳು ಪದರದಲ್ಲೋ, ತರಚಿದ ಜಾಗದಲ್ಲೋ ಸಿಗುತ್ತದೆ. ಕುಸ್ತಿಯವರಿಗೆ ಮೈ ಉಜ್ಜಿ ಚರ್ಮ ಕಿತ್ತ ಕಡೆ ಹರ್ಪಿಸ್ ಆಗುವುದನ್ನು ವೈದ್ಯರು ಬೇರೆ ಹೆಸರಿಟ್ಟೇ ಗುರುತಿಸಿದ್ದಾರೆ. ನಮ್ಮ ಗರಡಿಮನೆಗಳಲ್ಲೂ ತುಟಿಯಲ್ಲಿ ಗುಳ್ಳೆ ಎದ್ದಿರುವವರು ಆ ವಾರ ಅಖಾಡಕ್ಕೆ ಇಳಿಯದಿರುವುದು ಒಳ್ಳೆಯದು.

ಮೂರನೆಯ ಹಂತಕ್ಕೆ ಬರೋಣ. ಜಿಡಿ ಪ್ರೋಟೀನಿನ ಬಾಲದಂಥ ತುದಿ ಅದರ ಮೈಮೇಲೇ ಮಡಚಿಕೊಂಡಿರುತ್ತದೆ. ರಿಸೆಪ್ಟರ್ ಸಿಕ್ಕಿದ ಕೂಡಲೇ ಆ ಬಾಲ ಸರಿಯುತ್ತದೆ, ದಣಪೆಯ ಒಂದು ಗಳ ಜಾರಿದಂತೆ. ಅದರಿಂದ ಪಕ್ಕದ ಜಿಎಚ್-ಜಿಎಲ್ ಎಂಬ ಜೋಡಿಗೆ ಸೂಚನೆ ಹೋಗುತ್ತದೆ, ಆ ಜೋಡಿ ಜಿಬಿಯನ್ನು ಎಬ್ಬಿಸುತ್ತದೆ. ಕೊನೆಯ ಕೆಲಸ ಜಿಬಿಯದ್ದು. ಈ ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ವೈರಸ್ಸು ಅಂಟಿಕೊಂಡು ಕೂರುತ್ತದೆಯೇ ಹೊರತು ದಾಟುವುದಿಲ್ಲ.

ದಾಟುವುದು ಅಂದರೆ ತೂತು ಕೊರೆಯುವುದಲ್ಲ. ಎರಡು ಪೊರೆಗಳು ಒಂದಾಗುವುದು. ಬಿಸಿ ಸಾರಿನ ಮೇಲೆ ತೇಲುವ ಎರಡು ಎಣ್ಣೆ ಬೊಟ್ಟು ಹತ್ತಿರ ಬಂದು ಸಟಕ್ಕನೆ ಒಂದಾಗುವುದನ್ನು ನೋಡಿರುತ್ತೀರಿ. ವೈರಸ್ಸಿನ ಕೊಬ್ಬಿನ ಪೊರೆ, ಜೀವಕೋಶದ ಕೊಬ್ಬಿನ ಪೊರೆ ಹಾಗೆ ಒಂದಾಗಬೇಕು. ನಡುವೆ ನೀರಿನ ಪದರ ಇರುವುದರಿಂದ ತಾನಾಗಿ ಆಗುವುದಿಲ್ಲ, ಬಲ ಹಾಕಿ ಹತ್ತಿರ ಎಳೆಯಬೇಕು. ಜಿಬಿ ತನ್ನ ತುದಿಯನ್ನು ನಮ್ಮ ಪೊರೆಯೊಳಕ್ಕೆ ಚುಚ್ಚಿ, ಆಮೇಲೆ ಹೇರ್‌ಪಿನ್ನಿನಂತೆ ಮಡಚಿಕೊಳ್ಳುತ್ತದೆ. ಒಂದು ತುದಿ ಅಲ್ಲಿ, ಒಂದು ತುದಿ ಇಲ್ಲಿ, ನಡು ಮಡಚಿತು ಅಂದರೆ ಎರಡು ಪೊರೆಗಳೂ ಹತ್ತಿರ ಬರಲೇಬೇಕು. 2006ರಲ್ಲಿ ಜಿಬಿಯ ರಚನೆ ಬಿಡಿಸಿದಾಗ ಅದು ದನಕುದುರೆಗಳ ಬಾಯಿಹುಣ್ಣಿಗೆ ಕಾರಣವಾಗುವ, ಹರ್ಪಿಸ್‌ಗೆ ಯಾವ ನೆಂಟಸ್ತಿಕೆಯೂ ಇಲ್ಲದ ಇನ್ನೊಂದು ವೈರಸ್ಸಿನ ಪ್ರೋಟೀನನ್ನು ಹೋಲುತ್ತಿತ್ತು. ಆ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ನೋಡಿದ ದಿನ ನನಗೆ ಊಟ ಮಾಡುವುದು ಮರೆತಿತ್ತು. ನರಕೋಶದಲ್ಲಿ ಈ ಕೂಡುವಿಕೆ ಹೊರಪೊರೆಯಲ್ಲೇ ಆಗುತ್ತದೆ. ಕೆಲವು ಜೀವಕೋಶಗಳು ಮೊದಲು ವೈರಸ್ಸನ್ನು ಚೀಲದಂತೆ ಒಳಕ್ಕೆ ಎಳೆದುಕೊಳ್ಳುತ್ತವೆ, ಆಮೇಲೆ ಆ ಚೀಲದ ಪೊರೆಯೊಡನೆ ಕೂಡುವಿಕೆ ನಡೆಯುತ್ತದೆ.

ಒಳಗೆ ಬಿದ್ದ ಗೂಡು, ಅಂದರೆ ವೈರಸ್ಸಿನ ಡಿಎನ್‌ಎ ಇರುವ ಪ್ರೋಟೀನಿನ ಕವಚ, ಜೀವಕೋಶದ ಸಾಗಣೆಯ ಹಳಿಗಳ ಮೇಲೆ ಹೊತ್ತೊಯ್ಯಲ್ಪಟ್ಟು ಕೋಶಕೇಂದ್ರಕ್ಕೆ ತಲುಪಿ, ಅಲ್ಲಿನ ರಂಧ್ರದಲ್ಲಿ ತನ್ನ ಡಿಎನ್‌ಎ ಇಳಿಸುತ್ತದೆ. ತುಟಿಯ ಚರ್ಮದಲ್ಲಿ ಬೆಳೆದ ವೈರಸ್ಸು ಅಲ್ಲಿಗೆ ಬರುವ ನರದ ತುದಿಯನ್ನೂ ಹಿಡಿಯುತ್ತದೆ, ಅಲ್ಲಿಯೂ ನೆಕ್ಟಿನ್ ಇದೆಯಲ್ಲ. ನರದ ಉದ್ದಕ್ಕೂ ಹಿಂದಕ್ಕೆ ಹೋಗಿ ಕಿವಿಯ ಮುಂಭಾಗದ ಒಳಗೆ, ತಲೆಬುರುಡೆಯ ತಳದಲ್ಲಿರುವ ನರಗಂಟಿನಲ್ಲಿ ಮಲಗುತ್ತದೆ. ಜ್ವರ, ಬಿಸಿಲು, ನಿದ್ದೆಗೆಟ್ಟದ್ದು ಏನಾದರೂ ಅದನ್ನು ಎಬ್ಬಿಸಿದರೆ ಅದೇ ನರದ ಹಾದಿಯಲ್ಲಿ ಅದೇ ತುಟಿಗೆ ಬರುತ್ತದೆ. ನಿಮಗೆ ಒಂದೇ ಜಾಗದಲ್ಲಿ ಏಳುವುದು ಇದಕ್ಕೇ.

ಹರ್ಪಿಸ್ ವೈರಸ್ಸುಗಳ ಮನೆತನದಲ್ಲಿ ಮನುಷ್ಯರಿಗೆ ತಗಲುವ ಒಂಬತ್ತು ವೈರಸ್ಸುಗಳಿವೆ. ಜಿಬಿ ಮತ್ತು ಜಿಎಚ್-ಜಿಎಲ್ ಎಲ್ಲದರಲ್ಲೂ ಇವೆ. ರಿಸೆಪ್ಟರ್ ಹಿಡಿಯುವ ಕೈ ಮಾತ್ರ ಬೇರೆ ಬೇರೆ, ಕಾಯಿಲೆಗಳು ಬೇರೆಯಾಗುವುದಕ್ಕೆ ಇದೂ ಒಂದು ಕಾರಣ. ಏಳನೆಯ ಸಂಖ್ಯೆಯದು ಕೆಲವು ಬಿಳಿ ರಕ್ತಕಣಗಳ ಮೇಲಿರುವ ಸಿಡಿ4 ಎಂಬ ಪ್ರೋಟೀನನ್ನು ಹಿಡಿಯುತ್ತದೆ, ಎಚ್‌ಐವಿ ಹಿಡಿಯುವುದೂ ಅದನ್ನೇ. ನನಗೆ ಅತ್ಯಂತ ಬೆರಗು ಹುಟ್ಟಿಸಿದ್ದು ಎಪ್‌ಸ್ಟೀನ್-ಬಾರ್ ವೈರಸ್. ಇದು ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಕ್ಕೂ ನುಗ್ಗುತ್ತದೆ, ಗಂಟಲಿನ ಒಳಪದರಕ್ಕೂ ನುಗ್ಗುತ್ತದೆ. ಬಿ ಕಣಕ್ಕೆ ಹೋಗಲು ಜಿಪಿ42 ಎಂಬ ಪ್ರೋಟೀನು ಬೇಕು, ಅದು ಆ ಕಣದ ಮೇಲೆ ರೋಗನಿರೋಧಕ ಕೆಲಸಕ್ಕಾಗಿ ಇರುವ ಎಚ್‌ಎಲ್‌ಎ ಎರಡನೇ ವರ್ಗದ ಅಣುವನ್ನು ಹಿಡಿಯುತ್ತದೆ. ಗಂಟಲ ಪದರಕ್ಕೆ ಹೋಗಲು ಜಿಪಿ42 ಇದ್ದರೆ ಅಡ್ಡಿ. ಈಗ ನೋಡಿ: ಬಿ ಕಣದೊಳಗೆ ಹುಟ್ಟುವ ವೈರಸ್ಸಿನ ಜಿಪಿ42ಅನ್ನು ಅಲ್ಲಿನ ಎಚ್‌ಎಲ್‌ಎ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಹೊರಬರುವ ಕಣಗಳಲ್ಲಿ ಅದು ಕಡಿಮೆ, ಅವು ಗಂಟಲ ಪದರಕ್ಕೆ ಚೆನ್ನಾಗಿ ನುಗ್ಗುತ್ತವೆ. ಗಂಟಲ ಪದರದಲ್ಲಿ ಹುಟ್ಟಿದವುಗಳಲ್ಲಿ ಜಿಪಿ42 ತುಂಬಿರುತ್ತದೆ, ಅವು ಬಿ ಕಣಕ್ಕೆ ಚೆನ್ನಾಗಿ ನುಗ್ಗುತ್ತವೆ. ಹುಟ್ಟಿದ ಮನೆಯೇ ಮುಂದಿನ ಮನೆಗೆ ಸಜ್ಜು ಮಾಡಿ ಕಳಿಸುತ್ತದೆ.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬಾಗಿ ಬರುವ ವೈರಸ್ಸೂ ಇದೇ ಮನೆತನದ್ದು, ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಮಲಗಿ ಮುಪ್ಪಿನಲ್ಲಿ ಸರ್ಪಸುತ್ತಾಗಿ ಏಳುವುದೂ ಅದೇ. ನಮ್ಮ ಅಜ್ಜಯ್ಯನಿಗೆ ಎಪ್ಪತ್ತರ ಮೇಲೆ ಪಕ್ಕೆಯಲ್ಲಿ ಆಗಿತ್ತು. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಎಂದು ಊರವರು ಹೇಳಿದ್ದನ್ನು ನಂಬಿ ಅವರು ದಿನವೂ ಬೆಳಿಗ್ಗೆ ಕನ್ನಡಿ ತರಿಸಿ ಎಲ್ಲಿಯವರೆಗೆ ಬಂತು ಎಂದು ನೋಡಿಕೊಳ್ಳುತ್ತಿದ್ದರು. ನೋವಿಗಿಂತ ಆ ಹೆದರಿಕೆಯೇ ಅವರನ್ನು ಹಣ್ಣು ಮಾಡಿತು. ಒಂದು ನರದ ಹಾದಿಯಲ್ಲಿ ಬರುವ ಗುಳ್ಳೆ ಸಾಮಾನ್ಯವಾಗಿ ಬೆನ್ನಿನ, ಹೊಟ್ಟೆಯ ನಡುಗೆರೆಯನ್ನು ದಾಟುವುದಿಲ್ಲ, ಸುತ್ತು ಪೂರ್ತಿಯಾಗುವುದಿಲ್ಲ ಎಂದು ಆಗ ಅವರಿಗೆ ಹೇಳುವಷ್ಟು ನನಗೆ ತಿಳಿದಿರಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿಗೆ ಆದರೆ ದಯವಿಟ್ಟು ಇದನ್ನು ಹೇಳಿ, ಗುಳ್ಳೆ ಎದ್ದ ಮೂರು ದಿನದೊಳಗೆ ವೈದ್ಯರ ಹತ್ತಿರ ಕರೆದೊಯ್ಯಿರಿ. 50 ದಾಟಿದವರಿಗೆ ಇದರ ಲಸಿಕೆ ಈಗ ಭಾರತದಲ್ಲೂ ಸಿಗುತ್ತದೆ.

ಕೊನೆಗೆ, ಮುಚ್ಚಿಬಿಟ್ಟರೆ ಎಂದಿರಿ. ನಮ್ಮ ನೆಕ್ಟಿನ್ನನ್ನು ಮುಚ್ಚುವುದರ ಬದಲು ವೈರಸ್ಸಿನ ಕೈಯನ್ನು ಕಟ್ಟಬಹುದಲ್ಲ ಎಂದು ಯೋಚಿಸಿದವರಿದ್ದಾರೆ. ಜಿಡಿ ಪ್ರೋಟೀನನ್ನೇ ಲಸಿಕೆಯಾಗಿ ಕೊಟ್ಟರೆ ದೇಹ ಅದರ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುತ್ತದೆ, ಪ್ರತಿಕಾಯ ಕೂತ ಜಿಡಿ ರಿಸೆಪ್ಟರ್ ಹಿಡಿಯಲಾರದು. 8,000ಕ್ಕೂ ಹೆಚ್ಚು ಮಹಿಳೆಯರಲ್ಲಿ ನಡೆದ ಇಂಥ ಲಸಿಕೆಯ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು. ಹೆಚ್ಚಾಗಿ ಜನನಾಂಗದಲ್ಲಿ ಗುಳ್ಳೆ ಎಬ್ಬಿಸುವ ಹರ್ಪಿಸ್ ಸಿಂಪ್ಲೆಕ್ಸ್ ಎರಡನೇ ಬಗೆಯನ್ನು ಅದು ತಡೆಯಲಿಲ್ಲ, ಒಂದನೇ ಬಗೆಯ ವಿರುದ್ಧ ಸ್ವಲ್ಪ ಮಟ್ಟಿಗೆ ಫಲ ಕೊಟ್ಟಿತು. ವೈರಸ್ಸು ಒಂದು ಜೀವಕೋಶದಿಂದ ಪಕ್ಕದ್ದಕ್ಕೆ ಸಂದಿಯಲ್ಲೇ ದಾಟುವುದರಿಂದ ಪ್ರತಿಕಾಯಕ್ಕೆ ಎದುರಾಗುವುದೇ ಕಡಿಮೆ, ಅದೂ ಒಂದು ಕಷ್ಟ.

ಹಾಗಾಗಿ ಈಗ ವೈದ್ಯರು ಕೊಡುವ ಅಸೈಕ್ಲೊವಿರ್ ಪ್ರವೇಶವನ್ನು ತಡೆಯುವುದಿಲ್ಲ. ಒಳಗೆ ಹೋದ ಮೇಲೆ ಡಿಎನ್‌ಎ ನಕಲು ಮಾಡುವುದನ್ನು ತಡೆಯುತ್ತದೆ. ವೈರಸ್ಸಿನದೇ ಒಂದು ಕಿಣ್ವ ಅದನ್ನು ಚುರುಕುಗೊಳಿಸಬೇಕಾದ್ದರಿಂದ ಸೋಂಕಿಲ್ಲದ ಜೀವಕೋಶಕ್ಕೆ ತೊಂದರೆ ಕಡಿಮೆ. ಅದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಹಂಚಿಕೆಯಾಗಿ ಬಂತು. ನರಗಂಟಿನಲ್ಲಿ ಮಲಗಿದ್ದನ್ನು ಅದು ಮುಟ್ಟುವುದಿಲ್ಲ. ನಕಲಾಗುವುದನ್ನಷ್ಟೇ ತಡೆಯುವುದರಿಂದ ಗುಳ್ಳೆ ಒಡೆದ ಮೇಲೆ ಶುರು ಮಾಡಿದರೆ ಹೆಚ್ಚು ಉಪಯೋಗವಿಲ್ಲ. ತುಟಿ ಚುರುಚುರು ಅನ್ನಲು ಶುರುವಾದಾಗಲೇ ತೆಗೆದುಕೊಳ್ಳುವ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಗುಳ್ಳೆ ಇರುವಷ್ಟು ದಿನ ಎಳೆ ಮಕ್ಕಳಿಗೆ, ಅದರಲ್ಲೂ ಬಾಣಂತಿ ಕೋಣೆಯ ಕೂಸಿಗೆ ಮುತ್ತು ಕೊಡಬೇಡಿ, ಅಷ್ಟು ಚಿಕ್ಕ ಮಗುವಿಗೆ ಇದು ಪ್ರಾಣಕ್ಕೇ ಬರಬಹುದು. ಗುಳ್ಳೆ ಮುಟ್ಟಿದ ಕೈಯಿಂದ ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ ನೋವಿದ್ದು ಬೆಳಕು ನೋಡಲಾಗದಿದ್ದರೆ ಅಂಗಡಿಯಿಂದ ಡ್ರಾಪ್ಸ್ ತಂದು ಹಾಕಿಕೊಳ್ಳದೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಸ್ಟೀರಾಯ್ಡ್ ಇರುವ ಡ್ರಾಪ್ಸ್ ಆಗಿದ್ದರೆ ಕಣ್ಣಿನ ಹರ್ಪಿಸ್ ಉಲ್ಬಣಿಸುತ್ತದೆ.